ಈ ಬೆಕ್ಕು ಯಾರ ಮನೇದು?

ತೀರ್ಥಹಳ್ಳಿ ಪೇಟೆಯಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ. ಆಧಾರ್, ಪಹಣಿ, ಗೃಹಪ್ರವೇಶದ ಕರೆಯೋಲೆ, ಇವೇ ಮುಖ್ಯ ಕೆಲಸ. ಮಳೆಗಾಲ ಹಿಡಿಯಿತು ಅಂದರೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. "ಅಕ್ಕಾ, ಬೆಕ್ಕು ಸಿಕ್ಕಿದೆ ಅಂತ ಒಂದು ಚೀಟಿ ಮಾಡ್ಕೊಡಿ" ಅಂತ ಬರುತ್ತಾರೆ. ಕೆಲವರು ಬೆಕ್ಕನ್ನೇ ರಟ್ಟಿನ ಡಬ್ಬದಲ್ಲಿ ತಂದು ಕೌಂಟರ್ ಮೇಲಿಟ್ಟು, "ನಿಮಗೆ ಎಲ್ರ ಪರಿಚಯ ಇದೆಯಲ್ಲ" ಅಂತ ಹೇಳಿ ಬಸ್ ಹತ್ತುತ್ತಾರೆ. ಹಾಗಾಗಿ ಈ ವಿಷಯ ನನಗೆ ಬೇಡವೆಂದರೂ ಚೆನ್ನಾಗಿ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಲೆನಾಡಿನಲ್ಲಿ ಬೆಕ್ಕಿನ ಮನೆ ಪತ್ತೆಯಾಗುವುದು ಚೀಟಿಯಿಂದಲ್ಲ, ಮನೆಮನೆಗೆ ಹೋಗಿ ಬರುವವರ ಬಾಯಿಂದ. ಚೀಟಿ ಅವರ ಬೆನ್ನಿಗೆ. ಅಂಗಡಿಯವಳೇ ಹೀಗೆ ಹೇಳಿದರೆ ವ್ಯಾಪಾರ ಉಳಿಯುತ್ತದಾ ಅಂತ ನಮ್ಮ ಮನೆಯವರು ಕೇಳುತ್ತಾರೆ. ಉಳಿಯುತ್ತದೆ, ಪಹಣಿ ಇದೆಯಲ್ಲ.

ಹಿಡಿಯುವ ಮೊದಲು

ಬೆಕ್ಕು ಕಂಡ ತಕ್ಷಣ ಎತ್ತಿಕೊಳ್ಳಬೇಡಿ. ಎಷ್ಟೋ ಸಲ ಅದು ತಪ್ಪಿಸಿಕೊಂಡು ಬಂದಿರುವುದೇ ಇಲ್ಲ, ಸುಮ್ನೆ ಸುತ್ತಾಡಲು ಬಂದಿರುತ್ತದೆ. ಶಸ್ತ್ರಚಿಕಿತ್ಸೆ ಆಗದ ಗಂಡು ಬೆಕ್ಕು ಹೆಣ್ಣನ್ನು ಹುಡುಕಿಕೊಂಡು ಬಹಳ ದೂರ ಹೋಗುತ್ತದೆ, ನಾಲ್ಕು ದಿನ ಬಿಟ್ಟು ಕಿವಿ ಹರಿದುಕೊಂಡು ಮನೆಗೆ ಬರುತ್ತದೆ. ಅದನ್ನು ನೀವು ಕೋಣೆಯಲ್ಲಿ ಕೂಡಿಹಾಕಿದರೆ ಆ ಮನೆಯವರು ಹುಡುಕಲು ಶುರುಮಾಡುತ್ತಾರೆ. ಆಗ ಬೆಕ್ಕು ಕಳೆದದ್ದು ನಿಮ್ಮಿಂದ.

ಮರಿಗಳಾದರೆ ಇನ್ನೂ ಜಾಸ್ತಿ ತಾಳ್ಮೆ ಬೇಕು. ಸೌದೆ ರಾಶಿಯಲ್ಲೋ ಕೊಟ್ಟಿಗೆಯ ಅಟ್ಟದಲ್ಲೋ ಮರಿ ಕೂಗಿದ ಕೂಡಲೇ "ಅಯ್ಯೋ, ತಾಯಿ ಬಿಟ್ಟು ಹೋಗಿದೆ" ಅನ್ನಬೇಡಿ. ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಾಯಿಸುತ್ತದೆ. ನೀವು ನೋಡಿದ್ದು ಆ ಸಾಗಾಟದ ಮಧ್ಯದಲ್ಲಿ ಆಗಿರಬಹುದು. ಮೈ ಬೆಚ್ಚಗಿದ್ದು, ಹೊಟ್ಟೆ ಗುಂಡಗಿದ್ದು, ಮರಿಗಳು ಸುಮ್ಮನೆ ಮಲಗಿದ್ದರೆ ತಾಯಿ ಬಂದು ಹೋಗುತ್ತಿದೆ ಅಂತಲೇ ಅರ್ಥ. ದೂರ ನಿಂತು ಕೆಲವು ಗಂಟೆ ಕಾಯಿರಿ. ಮೈ ತಣ್ಣಗಾಗಿ, ಬಿಡದೆ ಕೂಗುತ್ತಿದ್ದರೆ ಮಾತ್ರ ಕೈ ಹಾಕಿ. ಆಗಲೂ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಾದ ಮರಿಗೆ ಹೊಟ್ಟೆಗೆ ಹೋದದ್ದು ಅರಗುವುದಿಲ್ಲ.

ಇನ್ನೊಂದು ಅನುಮಾನ ನಮ್ಮ ಕಡೆಯವರಿಗೆ ಇರಲೇಬೇಕು. ಇದು ಊರಬೆಕ್ಕೇ ಹೌದಾ? ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸುವಾಗ, ಕಾಫಿ ತೋಟದಲ್ಲಿ ಕಳೆ ಹೊಡೆಸುವಾಗ ಚುಕ್ಕೆ ಚುಕ್ಕೆಯ ಮರಿ ಸಿಕ್ಕಿತು ಅಂತ ತರುತ್ತಾರೆ. ಮೈ ತುಂಬ ಚುಕ್ಕೆ, ಹಣೆಯ ಮೇಲೆ ಉದ್ದ ಗೆರೆ, ಕಿವಿಯ ಹಿಂಬದಿಯಲ್ಲಿ ಒಂದು ಬಿಳಿ ಮಚ್ಚೆ ಇದ್ದರೆ ಅದು ಚಿರತೆ ಬೆಕ್ಕಿನ ಮರಿ ಇರಬಹುದು. ಕಾಡುಬೆಕ್ಕಿನ ಮರಿಯೂ ಹೀಗೆ ಸಿಗುತ್ತದೆ. ಇವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಿಕ್ಕಿದ ಜಾಗದಲ್ಲೇ ಬಿಟ್ಟು ದೂರ ಬಂದುಬಿಡಿ, ಕತ್ತಲಾದ ಮೇಲೆ ತಾಯಿ ಬಂದು ಒಯ್ಯುವ ಸಾಧ್ಯತೆ ಜಾಸ್ತಿ. ಆಗಲೇ ಮನೆಗೆ ತಂದಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಅವರ ಸಹಾಯವಾಣಿ 1926. ಫೋಟೋ ತೆಗೆದು ಸ್ಟೇಟಸ್ ಹಾಕಿಕೊಳ್ಳುವುದು ಬೇಡವೇ ಬೇಡ.

ಕಾಗದದ ಪಟ್ಟಿ

ಒಂದು ಬೆಕ್ಕು ದಿನಾ ಬಂದು ಉಂಡು ಹೋಗುತ್ತಿದೆ, ಮುಟ್ಟಲು ಬಿಡುತ್ತದೆ, ಆದರೆ ಯಾರದ್ದು ಅಂತ ಗೊತ್ತಿಲ್ಲ. ಇಂಥ ಬೆಕ್ಕಿಗೆ ಚೀಟಿ, ಫೋಟೋ ಏನೂ ಬೇಡ. ಬೆಕ್ಕನ್ನೇ ಅಂಚೆಗೆ ಹಾಕಿ.

ಎ4 ಹಾಳೆಯನ್ನು ಉದ್ದಕ್ಕೆ ಎರಡು ಬೆರಳಿನಷ್ಟು ಅಗಲದ ಪಟ್ಟಿಯಾಗಿ ಕತ್ತರಿಸಿಕೊಳ್ಳಿ. ಹಾಳೆಯ ಉದ್ದ 29.7 ಸೆಂಟಿಮೀಟರ್, ದಷ್ಟಪುಷ್ಟ ಬೆಕ್ಕಿನ ಕುತ್ತಿಗೆಗೂ ಸಾಕಾಗುತ್ತದೆ. ಬಾಲ್ ಪೆನ್ನಿನಲ್ಲಿ ಬರೆಯಿರಿ, ಇಂಕ್ ಪೆನ್ ಬೇಡ, ಇಬ್ಬನಿಗೇ ಹರಡಿಕೊಳ್ಳುತ್ತದೆ. ಬರೆಯಬೇಕಾದದ್ದು ಇಷ್ಟೇ: "ಈ ಬೆಕ್ಕು ನಿಮ್ಮದಾ? ಫೋನ್ ಮಾಡಿ", ಕೆಳಗೆ ನಿಮ್ಮ ನಂಬರ್. ಬೆಕ್ಕು ಊಟಕ್ಕೆ ಬಾಯಿ ಹಾಕಿದಾಗ ಹಿಂದಿನಿಂದ ಕುತ್ತಿಗೆಗೆ ಸುತ್ತಿ, ಪಟ್ಟಿಯ ಎರಡೂ ತುದಿ ಸೇರಿಸಿ ಚಿಕ್ಕದೊಂದು ಸೆಲ್ಲೋಟೇಪ್ ಹಚ್ಚಿ. ಟೇಪು ಕಾಗದಕ್ಕೆ ಮಾತ್ರ ಅಂಟಬೇಕು, ಕೂದಲಿಗಲ್ಲ. ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ದಾರ, ರಬ್ಬರ್ ಬ್ಯಾಂಡ್, ರಿಬ್ಬನ್ ಯಾವುದೂ ಬೇಡ. ಬೇಲಿಗೆ ಸಿಕ್ಕಿಕೊಂಡರೆ ಕಾಗದ ಹರಿಯುತ್ತದೆ, ದಾರ ಹರಿಯುವುದಿಲ್ಲ. ಮಳೆ ಬಿಟ್ಟ ದಿನ ನೋಡಿ ಕಟ್ಟಿ. ಮರಿಗಳಿಗೆ ಕಟ್ಟಬೇಡಿ.

ಕುಶಾವತಿ ಕಡೆಯ ಒಬ್ಬರು ಹೀಗೆ ಪಟ್ಟಿ ಕಟ್ಟಿ ಕಳಿಸಿದ್ದರು. ಸಂಜೆ ಬೆಕ್ಕು ಬೇರೆ ಪಟ್ಟಿ ಕಟ್ಟಿಸಿಕೊಂಡು ಬಂತು. "ನಮ್ಮದೇ. ದಯವಿಟ್ಟು ಮೀನು ಹಾಕಬೇಡಿ, ಇಲಿ ಹಿಡಿಯೋದು ಬಿಟ್ಟಿದೆ." ಆ ಪಟ್ಟಿಯನ್ನು ನಗುತ್ತಾ ತಂದು ನನಗೆ ತೋರಿಸಿದರು. ಮೂರು ಮನೆಯಲ್ಲಿ ಉಣ್ಣುವ, ಮೂರು ಹೆಸರಿರುವ ಬೆಕ್ಕುಗಳು ನಮ್ಮ ತೋಟದ ಮನೆಗಳ ಸಾಲಿನಲ್ಲಿ ಬೇಕಾದಷ್ಟಿವೆ.

ಪಟ್ಟಿ ಕಟ್ಟಿ ವಾರವಾದರೂ ಫೋನ್ ಬರಲಿಲ್ಲ, ಬೆಕ್ಕು ನಿಮ್ಮ ಜಗಲಿ ಬಿಟ್ಟು ಕದಲುತ್ತಿಲ್ಲ, ಸೊರಗಿದೆ ಅಂದರೆ ಒಳಗೆ ಕರೆದುಕೊಳ್ಳಿ. ಗಾಯವಾಗಿದ್ದರೆ, ಬಸಿರಿದ್ದರೆ, ಅಥವಾ ಉದ್ದ ಕೂದಲಿನ ಪರ್ಷಿಯನ್ ಬೆಕ್ಕು ಮಳೆಯಲ್ಲಿ ನೆನೆಯುತ್ತಾ ಕೂತಿದ್ದರೆ ವಾರ ಕಾಯುವುದು ಬೇಡ. ಅಂಥ ಬೆಕ್ಕು ನಮ್ಮ ಮಳೆಗೆ ಹುಟ್ಟಿದ್ದಲ್ಲ. ಹೋಂಸ್ಟೇಗೆ ಬಂದವರದ್ದೋ, ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳದ್ದೋ ಆಗಿರುತ್ತದೆ.

ಒಳಗೆ ಇಟ್ಟುಕೊಂಡ ಮೇಲೆ

ಒಂದು ಚಿಕ್ಕ ಕೋಣೆ ಸಾಕು. ಬಚ್ಚಲು, ಉಗ್ರಾಣ, ಯಾವುದಾದರೂ ಸರಿ. ಮೂಲೆಯಲ್ಲಿ ರಟ್ಟಿನ ಡಬ್ಬ ಅಡ್ಡ ಮಲಗಿಸಿ ಹಳೆ ಪಂಚೆ ಹಾಸಿ. ಹೊಲಸಿಗೆ ಹಳೆ ಬೋಗುಣಿಯಲ್ಲಿ ಮರಳು ಅಥವಾ ಸಾಮಿಲ್‌ನ ಮರದ ಹೊಟ್ಟು. ಮೊದಲೆರಡು ದಿನ ಡಬ್ಬದಿಂದ ಹೊರಗೇ ಬರದಿರಬಹುದು, ಬುಸುಗುಟ್ಟಬಹುದು. ಅಷ್ಟಕ್ಕೇ "ಇದು ಸಾಕಿದ್ದಲ್ಲ" ಅಂತ ತೀರ್ಮಾನ ಮಾಡಬೇಡಿ. ಹೆದರಿದ ಸಾಕುಬೆಕ್ಕೂ ಹಾಗೇ ಮಾಡುತ್ತದೆ. ಮೂರನೇ ದಿನ ಅಡುಗೆಮನೆಯಲ್ಲಿ ತಟ್ಟೆ ಸದ್ದಾದರೆ ಬಾಲ ನೆಟ್ಟಗೆ ಎತ್ತಿಕೊಂಡು ಬರುತ್ತದಾ ನೋಡಿ. ಕುತ್ತಿಗೆಯ ಸುತ್ತ ಕೂದಲು ಒತ್ತಿ ಚಪ್ಪಟೆಯಾಗಿದ್ದರೆ ಹಿಂದೆ ಪಟ್ಟಿ ಇತ್ತು ಅಂತ. ಕಿವಿಯ ತುದಿ ನೇರವಾಗಿ ಕತ್ತರಿಸಿದ ಹಾಗಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅಂತ. ಅಂದರೆ ಯಾರೋ ಕಾಳಜಿ ಮಾಡಿದವರಿದ್ದಾರೆ.

ಊಟದ ವಿಷಯ. ಬೆಕ್ಕು ಅಂದರೆ ಹಾಲು ಅಂತ ನಮ್ಮ ತಲೆಯಲ್ಲಿ ಕೂತಿದೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ದನದ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಮೊದಲೇ ಸೊರಗಿದ ಬೆಕ್ಕಿಗೆ ಅದು ಕಷ್ಟ. ಬೇಯಿಸಿದ ಮೀನು, ಮುಳ್ಳು ತೆಗೆದು, ಉಪ್ಪು ಹಾಕದೆ ಕೊಡಿ. ಒಣಮೀನು ಬೇಡ, ಬರೀ ಉಪ್ಪು. ಮೀನು ಮಾಂಸ ಒಳಗೆ ತರದ ಮನೆಯಾದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಪ್ಯಾಕೆಟ್ ಆಹಾರ ತನ್ನಿ. ಮೊಸರನ್ನದಲ್ಲಿ ನಾಲ್ಕು ದಿನ ತಳ್ಳಬಹುದು, ಬಾಳು ಕಳೆಯಲಾಗುವುದಿಲ್ಲ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನಿನಲ್ಲಿ. ಅದಿಲ್ಲದೆ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಉಳಿದ ಸಾರನ್ನ ಹಾಕುವ ಅಭ್ಯಾಸವೂ ಬಿಡಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ವಿಷದ ಮಾತು ಬಂತಲ್ಲ, ನಮ್ಮ ಮನೆಗಳಲ್ಲಿ ಇರುವ ಇನ್ನಷ್ಟು ಹೇಳಿಬಿಡುತ್ತೇನೆ. ಜ್ವರ ಅಂತ ಪ್ಯಾರಾಸಿಟಮಾಲ್ ಚೂರು ಕೂಡ ಕೊಡಬಾರದು, ಬೆಕ್ಕು ಸಾಯುತ್ತದೆ. ಕೋಣೆಗೆ ಫಿನಾಯಿಲ್ ಹಾಕಿ ಒರೆಸಬಾರದು. ನಾಯಿಗೆ ತಂದ ಉಣುಗಿನ ಔಷಧ ಬೆಕ್ಕಿಗೆ ಹಚ್ಚಬಾರದು, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ನಡುಕ ಬಂದು ಪ್ರಾಣ ಹೋಗುತ್ತದೆ. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ಹೊಡೆಯುವ ಸಮಯದಲ್ಲಿ ಬಂದ ಬೆಕ್ಕಿನ ಮೈಮೇಲೆ ನೀಲಿ ಕಲೆ ಇದೆಯಾ ನೋಡಿ. ಅದು ಮೈಲುತುತ್ತ ಸುಣ್ಣದ ದ್ರಾವಣ. ಬೆಕ್ಕು ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ, ಆಗ ಎಲ್ಲಾ ಹೊಟ್ಟೆಗೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನೀಲಿ ಹೋಗುವವರೆಗೆ ಒರೆಸಿ.

ಉಣುಗು ಇದ್ದರೆ ಬರಿಗೈಯಲ್ಲಿ ಕಿತ್ತು ಉಗುರಲ್ಲಿ ಕುಕ್ಕುವ ಅಭ್ಯಾಸ ಬಿಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ, ಅದನ್ನು ಹರಡುವುದು ಉಣುಗು. ಬೆಕ್ಕು ಕಂಡರೆ ಹೆದರಬೇಕು ಅಂತಲ್ಲ. ಕಾಡಿನ ಅಂಚಿನಿಂದ ಬಂದ ಯಾವ ಪ್ರಾಣಿಯ ಉಣುಗನ್ನೂ ಚಿಮುಟದಲ್ಲಿ ಹಿಡಿದು ಕಿತ್ತು ಸೋಪಿನ ನೀರಿಗೆ ಹಾಕಿ, ಕೈ ತೊಳೆದುಕೊಳ್ಳಿ.

ಪರಚಿದರೆ, ಕಚ್ಚಿದರೆ ಅರಿಶಿನ ಮೆತ್ತಿ ಕೂರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ.

ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಎರಡು ವಾರ ಬೇರೆಯೇ ಇಡಿ. ಪ್ಯಾನ್ಲ್ಯೂಕೋಪೀನಿಯಾ ಅಂತ ಒಂದು ಕಾಯಿಲೆ ಇದೆ, ವಾಂತಿ ಭೇದಿ ಶುರುವಾಗಿ ಮರಿಗಳು ಸಾಲಾಗಿ ಸಾಯುತ್ತವೆ. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪಶು ಆಸ್ಪತ್ರೆಗೆ ಒಮ್ಮೆ ತೋರಿಸಿ. ಶಿವಮೊಗ್ಗದ ಕಡೆಯವರಿಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜು ಇದೆ. ಹೋದಾಗ ಹೆಣ್ಣೋ ಗಂಡೋ, ವಯಸ್ಸು ಎಷ್ಟಿರಬಹುದು ಎಂದು ಕೇಳಿ ಬರೆದುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಯಾರ ಕಿವಿಗೆ ಹಾಕಬೇಕು

ಬೆಳಿಗ್ಗೆ ಹಾಲಿನ ಡೈರಿ. ಊರಿನ ಅರ್ಧ ಮನೆಗಳ ಸುದ್ದಿ ಕ್ಯಾನ್ ಜೊತೆ ಅಲ್ಲಿಗೆ ಬರುತ್ತದೆ. ಆಮೇಲೆ ಆಶಾ ಕಾರ್ಯಕರ್ತೆ, ಪೋಸ್ಟ್‌ಮನ್, ಗ್ಯಾಸ್ ಸಿಲಿಂಡರ್ ತರುವವರು, ಹಳ್ಳಿ ಬಸ್ಸಿನ ಕಂಡಕ್ಟರ್. ಅಡಿಕೆ ಕೊಯ್ಲಿನ ಕಾಲವಾದರೆ ಕೊನೆಗಾರರನ್ನು ಬಿಡಬೇಡಿ, ಅವರು ಇವತ್ತು ಒಂದು ತೋಟ, ನಾಳೆ ಇನ್ನೊಂದು. ಸ್ವಸಹಾಯ ಸಂಘದ ವಾರದ ಮೀಟಿಂಗ್ ಅಂತೂ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮೇಲು. ಕಂತು ಕಟ್ಟಲು ಎಲ್ಲರೂ ಬಂದೇ ಬರುತ್ತಾರೆ.

ಕೇಳುವ ರೀತಿಯೂ ಮುಖ್ಯ. "ಒಂದು ಬೆಕ್ಕು ಸಿಕ್ಕಿದೆ, ನಿಮ್ದಾ?" ಅಂದರೆ "ಅಲ್ಲ ಮಾರಾಯ್ತಿ" ಅಂತ ಮಾತು ಅಲ್ಲಿಗೇ ಮುಗಿಯುತ್ತದೆ. "ಯಾರ ಮನೆ ಬೆಕ್ಕಾದ್ರೂ ಹೋಯ್ತು ಅಂತ ಕೇಳಿದ್ರಾ?" ಅಂದರೆ ಅವರು ಯೋಚನೆ ಮಾಡುತ್ತಾರೆ. ಮೇಲಿನಕೇರಿಯಲ್ಲಿ ಯಾರೋ ಹೇಳುತ್ತಿದ್ದರಲ್ಲ ಅಂತ ನೆನಪಾಗುತ್ತದೆ.

ಮೊದಲು ಹತ್ತಿರದಲ್ಲೇ ಕೇಳಿ. ತಪ್ಪಿಸಿಕೊಂಡು ಮತ್ತೆ ಸಿಕ್ಕ ಬೆಕ್ಕುಗಳ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮುಕ್ಕಾಲು ಪಾಲು ಬೆಕ್ಕುಗಳು ಅರ್ಧ ಕಿಲೋಮೀಟರ್ ಒಳಗೇ ಸಿಕ್ಕಿದ್ದವು. ಆದರೆ ಇಲ್ಲೊಂದು ತಿರುವು ಇದೆ. ಬೆಕ್ಕು ಗಾಡಿ ಹತ್ತಿ ಬಂದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಬೆಕ್ಕು ಕಾಣಿಸಿಕೊಂಡ ದಿನ ನಿಮ್ಮ ಕೇರಿಗೆ ಯಾವ ಲೋಡು ಬಂತು ನೆನಪು ಮಾಡಿಕೊಳ್ಳಿ. ಶಿಕಾರಿಪುರ ಕಡೆಯಿಂದ ಹುಲ್ಲಿನ ಲೋಡು ಬಂದಿತ್ತಾ? ಗೊಬ್ಬರದ ಪಿಕಪ್ ಬಂದಿತ್ತಾ? ಹುಲ್ಲಿನ ನಡುವೆ ಮಲಗಿದ ಬೆಕ್ಕು ಎರಡು ತಾಲೂಕು ದಾಟಿ ಇಳಿದದ್ದುಂಟು. ಡ್ರೈವರ್‌ಗೆ ಒಂದು ಫೋನ್ ಮಾಡಿದರೆ ಆಯಿತು.

ಶಿವಮೊಗ್ಗ ಪೇಟೆಯಲ್ಲಿ ಲೆಕ್ಕ ಬೇರೆ. ಗೋಪಾಳದಲ್ಲೋ ವಿನೋಬನಗರದಲ್ಲೋ ಪಕ್ಕದ ರಸ್ತೆಯವರ ಮುಖವೇ ಗೊತ್ತಿರುವುದಿಲ್ಲ. ಅಲ್ಲಿ ನಂದಿನಿ ಬೂತ್, ಕಿರಾಣಿ ಅಂಗಡಿ, ಇಸ್ತ್ರಿ ಅಂಗಡಿ, ಬಡಾವಣೆಯ ವಾಟ್ಸಾಪ್ ಗುಂಪು. ಅಲ್ಲಿ ಚೀಟಿಗೂ ಬೆಲೆ ಜಾಸ್ತಿ.

ಚೀಟಿ

ಇದು ನನ್ನ ಕಸುಬು, ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ.

"ಬೆಕ್ಕು ಸಿಕ್ಕಿದೆ" ಅನ್ನುವುದು ರಸ್ತೆಯ ಆಚೆ ಬದಿಯಿಂದ ಓದುವಷ್ಟು ದೊಡ್ಡದಿರಬೇಕು. ಕೆಳಗೆ ಫೋಟೋ, ಬಣ್ಣ, ಸಿಕ್ಕಿದ ಜಾಗ, ತಾರೀಕು, ನಂಬರ್. ಮುಗಿಯಿತು. "ಮುದ್ದಾದ, ತುಂಬಾ ಸಾಧು ಸ್ವಭಾವದ" ಅಂತೆಲ್ಲಾ ಬರೆಸಲು ಬರುತ್ತಾರೆ. ಅದು ಮದುವೆ ಬಯೋಡೇಟಾಗೆ ಇರಲಿ. ಫೋಟೋ ಪಕ್ಕದಿಂದ ತೆಗೆದದ್ದು ಒಳ್ಳೆಯದು, ಮೈಮೇಲಿನ ಗುರುತು ಕಾಣುತ್ತದೆ. ಕರಿ ಬೆಕ್ಕಿನ ಫೋಟೋವನ್ನು ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್ ಹಾಕಿಸಬೇಡಿ, ಮಸಿ ಮೆತ್ತಿದ ಹಾಗೆ ಬರುತ್ತದೆ. ಅದಕ್ಕಿಂತ ಬರೀ ಅಕ್ಷರವೇ ವಾಸಿ.

ಇಂಕ್‌ಜೆಟ್ ಪ್ರಿಂಟ್ ನಮ್ಮ ಮಳೆಗೆ ಒಂದು ದಿನವೂ ನಿಲ್ಲುವುದಿಲ್ಲ. ಲೇಸರ್ ಪ್ರಿಂಟ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ. ಹಾಕಿಸುವಾಗ ಸುತ್ತಲೂ ಪ್ಲಾಸ್ಟಿಕ್ ಅಂಚು ಬಿಡಲು ಹೇಳಿ. ದಾರ ಕಟ್ಟಲು ತೂತು ಮಾಡುವುದು ಆ ಅಂಚಿನಲ್ಲೇ. ಕಾಗದಕ್ಕೆ ತೂತು ಬಿದ್ದರೆ ಅಲ್ಲಿಂದ ನೀರು ಇಳಿದು ಎರಡೇ ದಿನಕ್ಕೆ ಬೂಷ್ಟು. ಮೆಸ್ಕಾಂ ಕಂಬಕ್ಕೆ, ಸರ್ಕಾರಿ ಗೋಡೆಗೆ ಅಂಟಿಸಬೇಡಿ, ಸಾರ್ವಜನಿಕ ಜಾಗ ವಿರೂಪ ಮಾಡುವುದರ ವಿರುದ್ಧ 1981ರ ರಾಜ್ಯ ಕಾಯ್ದೆಯೇ ಇದೆ. ಅಂಗಡಿಯವರನ್ನು ಕೇಳಿ ಗಾಜಿನ ಒಳಬದಿಗೆ ಹಾಕಿಸಿ, ಮಳೆಯೂ ತಾಗುವುದಿಲ್ಲ.

ಎಲ್ಲಾ ಗುರುತನ್ನೂ ಚೀಟಿಯಲ್ಲಿ ಹಾಕಬಾರದು. ಒಂದನ್ನು ಮುಚ್ಚಿಟ್ಟುಕೊಳ್ಳಿ, ಫೋಟೋದಲ್ಲೂ ಕಾಣದ ಹಾಗೆ. ಒಂದು ಬೂದು ಬೆಕ್ಕಿಗೆ ಚೀಟಿ ಮಾಡಿದ್ದಾಗ ಫೋನ್ ಮೇಲೆ ಫೋನ್. "ಹೌದು ಹೌದು, ನಮ್ದೇ" ಅಂದವರಿಗೆಲ್ಲಾ ಏನಾದರೂ ಗುರುತು ಹೇಳಿ ಅಂದರೆ "ಬೂದು ಬಣ್ಣ" ಅನ್ನುತ್ತಿದ್ದರು. ಆಮೇಲೆ ಆಗುಂಬೆ ರಸ್ತೆ ಕಡೆಯಿಂದ ಒಬ್ಬರು ಅಜ್ಜಿ, ಮೊಮ್ಮಗನ ಫೋನಿನಿಂದ. ನಮಸ್ಕಾರವೂ ಇಲ್ಲ. "ಮಗಾ, ಅದರ ಬಾಲದ ತುದಿ ಮುಟ್ಟಿ ನೋಡು, ಗಂಟು ಸಿಗ್ತದಾ?" ಸಿಕ್ಕಿತು. ಕೂದಲಿನ ಒಳಗೆ ಮೂಳೆ ಸೊಟ್ಟಗಾಗಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. "ಮರಿ ಇದ್ದಾಗ ಬಾಗಿಲ ಸಂದಿಗೆ ಸಿಕ್ಕಿದ್ದು" ಅಂದರು. ಅದಕ್ಕಿಂತ ಆಧಾರ್ ಬೇಕಾ?

ಇನ್ನೊಂದು ಸುಲಭ ಪರೀಕ್ಷೆ. ಬಿಳಿ, ಕಪ್ಪು, ಕೆಂಚು ಮೂರೂ ಸೇರಿದ ಬೆಕ್ಕು ಹೆಚ್ಚೂಕಮ್ಮಿ ಯಾವಾಗಲೂ ಹೆಣ್ಣೇ, ಬಣ್ಣದ ಗುಣಾಣು ಇರುವುದೇ ಹಾಗೆ. ಅಂಥ ಬೆಕ್ಕನ್ನು "ನಮ್ ರಾಜ, ಗಂಡು" ಅಂತ ಕೇಳಿಕೊಂಡು ಬಂದರೆ ಕಾಫಿ ಕೊಟ್ಟು ಕಳಿಸಿ. ನಿಜವಾದ ಮನೆಯವರ ಮೊಬೈಲಿನಲ್ಲಿ ಹಳೆಯ ಫೋಟೋ ಒಂದಾದರೂ ಇರುತ್ತದೆ, ಮಗುವಿನ ಹುಟ್ಟುಹಬ್ಬದ ಫೋಟೋದ ಮೂಲೆಯಲ್ಲಾದರೂ. ಪರ್ಷಿಯನ್ ಬೆಕ್ಕಾದರೆ ಕೇಳದೆ ಕೊಡಲೇಬೇಡಿ, ಮಾರುವವರಿದ್ದಾರೆ.

"ನಾವೇ ಬಿಟ್ಟು ಬಂದಿದ್ದು"

ಹುಡುಕಿ ಹುಡುಕಿ ಮನೆ ಸಿಕ್ಕಿದಾಗ ಕೆಲವು ಸಲ ಬರುವ ಉತ್ತರ ಇದು. ಗೋಣಿಚೀಲದಲ್ಲಿ ಕಟ್ಟಿ ಹೊಳೆ ಆಚೆ, ಮೀನು ಮಾರ್ಕೆಟ್ ಹತ್ತಿರ, ದೇವಸ್ಥಾನದ ಹಿಂದೆ ಬಿಟ್ಟು ಬರುವುದು ನಮ್ಮಲ್ಲಿ ಹೊಸದಲ್ಲ. ಸಾಕಿದ ಪ್ರಾಣಿಯನ್ನು ಹಸಿವಿನಿಂದ ನರಳುವ ಹಾಗೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಆದರೆ ಅವರ ಅಂಗಳದಲ್ಲಿ ನಿಂತು ಕಾಯ್ದೆ ಓದಿದರೆ ಬೆಕ್ಕಿಗೇನೂ ಲಾಭವಿಲ್ಲ. ತಲೆ ತಗ್ಗಿಸಿ ಇಟ್ಟುಕೊಳ್ಳುತ್ತಾರೆ, ಮುಂದಿನ ವಾರ ಇನ್ನೂ ದೂರ ಬಿಡುತ್ತಾರೆ.

ಯಾಕೆ ಬಿಟ್ಟಿರಿ ಅಂತ ಕೇಳಿ. ಬಹಳ ಸಲ ಉತ್ತರ ಒಂದೇ, "ಮರಿ ಹಾಕ್ತಾನೇ ಇರ್ತದೆ." ನಿಜ, ಬೆಕ್ಕಿನ ಬಸಿರು ಹೆಚ್ಚೂಕಮ್ಮಿ 63 ದಿನ, ಹಾಲು ಬಿಡಿಸುವ ಮೊದಲೇ ಮತ್ತೆ ಬಸಿರಾಗಬಲ್ಲದು. ಇದಕ್ಕೆ ಪರಿಹಾರ ಗೋಣಿಚೀಲವಲ್ಲ, ಶಸ್ತ್ರಚಿಕಿತ್ಸೆ. ಮಾಡಿಸಿ ವಾಪಸ್ ಕೊಡುತ್ತೇನೆ ಅಂದಾಗ ಒಪ್ಪಿದವರಿದ್ದಾರೆ. ಒಪ್ಪದಿದ್ದರೆ ಬಲವಂತ ಬೇಡ, "ನಮಗೆ ಬೇಡ" ಅಂತ ಬಾಯಲ್ಲಿ ಹೇಳಿಸಿಕೊಂಡು ಬನ್ನಿ. ನಾಳೆ ಬೆಕ್ಕು ದುಂಡಗಾದ ಮೇಲೆ ನಮ್ಮದೇ ಅಂತ ಬರಬಾರದಲ್ಲ.

ಯಾರೂ ಬರದಿದ್ದರೆ ಎಷ್ಟು ದಿನ ಕಾಯಬೇಕು? ನಾನು ಹೇಳುವುದು ಒಂದು ತಿಂಗಳು. ಸಂಘದ ಮೀಟಿಂಗ್ ನಾಲ್ಕು ಸಲ ಆಗಿರುತ್ತದೆ, ರೇಷನ್ ಕೊಡುವ ದಿನ ಒಂದು ಸಲ ಬಂದಿರುತ್ತದೆ. ಆಮೇಲೆ ನೀವೇ ಇಟ್ಟುಕೊಳ್ಳಿ, ಇಲ್ಲವಾದರೆ ಮನೆ ಹುಡುಕಿ. ಅಡಿಕೆ ಅಟ್ಟದಲ್ಲಿ, ಭತ್ತದ ಕಣಜದಲ್ಲಿ ಇಲಿ ಕಾಟ ಇರುವ ಮನೆಯವರು ಖುಷಿಯಿಂದ ಒಯ್ಯುತ್ತಾರೆ. ಕೊಡುವಾಗ ಒಂದು ಷರತ್ತು ಹಾಕಿ: ಎರಡು ವಾರ ಹೊರಗೆ ಬಿಡಬಾರದು. ಜಾಗದ ವಾಸನೆ ಹಿಡಿಯುವ ಮೊದಲೇ ಬಿಟ್ಟರೆ ಅದು ಹಳೆ ಮನೆ ದಿಕ್ಕು ಹಿಡಿದು ಹೊರಡುತ್ತದೆ, ನೀವು ಮತ್ತೆ ಡೈರಿಯಿಂದ ಶುರು.

ಬೆಕ್ಕು ಮನೆ ಸೇರಿದ ಮೇಲೆ ಚೀಟಿಗಳನ್ನು ತೆಗೆಯಿರಿ. ಡೈರಿಯವರಿಗೂ ಸಂಘದವರಿಗೂ ಸಿಕ್ಕಿತು ಅಂತ ಒಂದು ಮಾತು ಹೇಳಿ. ಇದನ್ನು ಯಾರೂ ಮಾಡುವುದಿಲ್ಲ. ಕೊಪ್ಪ ಸರ್ಕಲ್ ಹತ್ತಿರದ ಬೇಕರಿಯಲ್ಲಿ ಹಿಂದಿನ ವರ್ಷದ ಚೀಟಿ ಇನ್ನೂ ನೇತಾಡುತ್ತಿದೆ. ಲ್ಯಾಮಿನೇಷನ್ ಚೆನ್ನಾಗಿ ಬಂದಿದೆ, ಅದು ಬೇರೆ ಮಾತು. ಆ ನಂಬರಿನವರಿಗೆ ವಾರಕ್ಕೊಂದು ಫೋನ್ ಬರುತ್ತದಂತೆ, "ನಿಮ್ ಬೆಕ್ಕು ನಮ್ಮನೇಲಿದೆ" ಅಂತ. ತೆಗೆಸಿ ಅಂದರೆ ಆ ಕಡೆ ಹೋದಾಗ ನೋಡ್ತೀನಿ ಅನ್ನುತ್ತಾರೆ.